ನಮ್ಮ ಕಾರ್ಡನ್ನೇ ನಮಗೆ ಮಾರಿದ: ‘ಸಿಕಲ್ ಸೆಲ್ ಕೋಆರ್ಡಿನೇಟರ್’ ಬಗ್ಗೆ ಹುಷಾರು

ಮೊದಲೇ ಹೇಳಿಬಿಡ್ತೀನಿ, ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ. ಬ್ಯಾಂಕಿನ ಕೌಂಟರಲ್ಲಿ ಕೂತು ದಿನವಿಡೀ ‘ಒಟಿಪಿ ಯಾರಿಗೂ ಕೊಡಬೇಡಿ’ ಅಂತ ಜನಕ್ಕೆ ಬುದ್ಧಿ ಹೇಳೋಳು ನಾನು. ನಾನೇ 8,500 ರೂಪಾಯಿ ಕೊಟ್ಟು, ಮಗನ ಫೈಲನ್ನೂ ಕೈಯಾರೆ ಎತ್ತಿಕೊಟ್ಟು ಬಂದೆ.

ಮಗನಿಗೆ ಒಂಬತ್ತು ವರ್ಷ, ಸಿಕಲ್ ಸೆಲ್ ಇದೆ, ಹುಟ್ಟಿನಿಂದಲೇ ಬರೋ ರಕ್ತದ ಕಾಯಿಲೆ. ರಕ್ತ ಹಾಕಿಸೋಕೆ ಹೋದಾಗ ವಾರ್ಡಿನ ಹೊರಗಿನ ಬೆಂಚಲ್ಲಿ ಕೂತಿದ್ದೆ. ಕೊರಳಲ್ಲಿ ಟ್ಯಾಗು, ಕಂಕುಳಲ್ಲಿ ರಿಜಿಸ್ಟರು ಇಟ್ಕೊಂಡ ಒಬ್ಬ ಪಕ್ಕ ಬಂದು ಕೂತ. “ಮಗುಗೆ ಇವತ್ತು ಎಷ್ಟನೇ ಬಾಟ್ಲು ಅಕ್ಕಾ?” ಅಂದ. ನಮ್ಮ ನೆಂಟರು ಕೇಳೋದು ‘ಇನ್ನೂ ವಾಸಿಯಾಗಿಲ್ವಾ’ ಅಂತ. ಇವನು ಬಾಟ್ಲು ಲೆಕ್ಕ ಕೇಳಿದ, ಈ ಕಾಯಿಲೆಗೆ ಕೊಡೋ ಹೈಡ್ರಾಕ್ಸಿಯೂರಿಯಾ ಔಷಧಿ ಎಷ್ಟು ಎಂಜಿ ಅಂತ ಕೇಳಿದ, “ಚಳಿಗೆ ಕಾಲುನೋವು ಜಾಸ್ತಿ ಆಗುತ್ತಲ್ವಾ” ಅಂದ. ಅಷ್ಟಕ್ಕೇ ಕರಗಿಬಿಟ್ಟೆ. ಆಸ್ಪತ್ರೆಯವನೇ ಅಂದ್ಕೊಂಡೆ. ಟ್ಯಾಗಲ್ಲಿ ಏನು ಬರೆದಿದೆ ಅಂತ ಓದಲೂ ಇಲ್ಲ.

‘ಸಿಕಲ್ ಸೆಲ್ ಕಾರ್ಡ್’ ಮಾಡಿಸಿಕೊಡ್ತೀನಿ ಅಂದ. ಅದೊಂದಿದ್ದರೆ ಪಿಂಚಣಿ, ರೈಲಲ್ಲಿ ಅರ್ಧ ಚಾರ್ಜು, ಮುಂದೆ ಸರ್ಕಾರಿ ನೌಕರಿಯಲ್ಲಿ ಕೋಟಾ. ಫೈಲ್ ಚಾರ್ಜ್ ಅಂತ 3,000, ಮೆಡಿಕಲ್ ಬೋರ್ಡಿನ ಡಾಕ್ಟರಿಗೆ ಅಂತ 3,500, ಪ್ರಿಂಟಿಂಗ್‌ಗೆ 2,000. ಮಗನನ್ನ ಬೋರ್ಡಿಗೆ ಕರ್ಕೊಂಡು ಬರಬೇಡ್ವಾ ಅಂದೆ. “ಪಾಪ, ಮಗುಗೆ ಯಾಕೆ ತೊಂದರೆ ಅಕ್ಕಾ, ಒರಿಜಿನಲ್ ರಿಪೋರ್ಟ್ ಕೊಡಿ ಸಾಕು” ಅಂದ. ಮಗುವನ್ನ ನೋಡದೆ ಯಾವ ಡಾಕ್ಟರು ಸರ್ಟಿಫಿಕೇಟ್ ಬರೀತಾರೆ? ಅವತ್ತು ಈ ಪ್ರಶ್ನೆ ನನ್ನ ತಲೆಗೇ ಬರಲಿಲ್ಲ ನೋಡಿ.

ಕಾರ್ಡು ಬಂತು. ದಪ್ಪ ಲ್ಯಾಮಿನೇಷನ್, ಬಂಗಾರದ ಅಂಚು, ಮಗನ ಫೋಟೋ. ಸ್ಟೇಟಸ್ ಬೇರೆ ಹಾಕಿದ್ದೆ, ದೇವರೇ.

ಮೂರು ವಾರ ಆದಮೇಲೆ ಸ್ಕಾಲರ್‌ಶಿಪ್ ಅರ್ಜಿಗೆ ಅಂತ ಕಚೇರಿಗೆ ಹೋದೆ. ಅಲ್ಲಿನ ಮೇಡಂ ಕಾರ್ಡನ್ನ ಎರಡು ಸಲ ತಿರುಗಿಸಿ ನೋಡಿದರು. “ಯುಡಿಐಡಿ, ಅಂಗವಿಕಲರ ಗುರುತಿನ ಕಾರ್ಡಿನ ನಂಬರ್, ಎಲ್ಲಮ್ಮಾ?” ಇದೇ ಅಲ್ವಾ ಅಂದೆ. “ಇದು ಶಾಲೆಯಲ್ಲಿ ರಕ್ತ ತಪಾಸಣೆ ಮಾಡಿದಾಗ ಎಲ್ಲಾ ಮಕ್ಕಳಿಗೂ ಕೊಡೋ ಕಾರ್ಡು. ಪುಕ್ಕಟೆ. ಅದರದೇ ಕಲರ್ ಜೆರಾಕ್ಸು ಇದು. ಇದಕ್ಕೆ ದುಡ್ಡು ಕೊಟ್ರಾ?” ಹಿಂದೆ ಕ್ಯೂನಲ್ಲಿ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಯಾರೋ ಕಿಸಕ್ಕಂತ ನಕ್ಕರು ಕೂಡ.

ಆಚೆ ಬಂದು ಮೆಟ್ಟಿಲ ಮೇಲೆ ಕೂತು ಕಾರ್ಡನ್ನ ಸರಿಯಾಗಿ ನೋಡಿದೆ. ಹುಟ್ಟಿದ ದಿನಾಂಕದಲ್ಲಿ 3ನ್ನ ಪೆನ್ನಲ್ಲಿ 8 ಅಂತ ತಿದ್ದಿದ ಗುರುತು. ಆ ತಿದ್ದುಪಡಿ ಮಾಡಿದ್ದು ಶಾಲೆಗೆ ಬಂದಿದ್ದ ನರ್ಸಮ್ಮ, ನನ್ನ ಕಣ್ಣೆದುರೇ! 2023ರಲ್ಲಿ ಶುರುವಾದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್‌ನಡಿ ಎಲ್ಲ ಮಕ್ಕಳಿಗೂ ತಪಾಸಣೆ ಮಾಡಿ ಕೊಟ್ಟ ಕಾರ್ಡದು. ಫೈಲಿಗೆ ಸಿಕ್ಕಿಸಿ ಮರೆತೇಬಿಟ್ಟಿದ್ದೆ. ಅದನ್ನೇ ದೊಡ್ಡದು ಮಾಡಿ, ಫೋಟೋ ಅಂಟಿಸಿ, ಅಂಚು ಹಾಕಿ ನಮಗೇ ಮಾರಿದ್ದ. ನಮ್ಮ ಕಾರ್ಡು. ನಮಗೇ.

ಫೋನ್ ಮಾಡಿದೆ. ಮೊದಲು “ಸರ್ವರ್ ಡೌನ್ ಅಕ್ಕಾ, ನಂಬರ್ ಆಮೇಲೆ ಬರುತ್ತೆ”. ಆಮೇಲೆ “ಮೀಟಿಂಗಲ್ಲಿದ್ದೀನಿ”. ಆಮೇಲೆ “ನಂಗೂ ಮಕ್ಕಳಿದ್ದಾರೆ ಅಕ್ಕಾ, ನಾನು ಹಂಗೆ ಮಾಡ್ತೀನಾ?” ಕೊನೆಗೆ ನಾನು ಕಿರುಚಾಡಿದಾಗ, ಎಷ್ಟು ತಣ್ಣಗೆ ಹೇಳಿದ ಗೊತ್ತಾ: “ನಾನು ಅಂಗವಿಕಲರ ಕಾರ್ಡ್ ಅಂತ ಹೇಳೇ ಇಲ್ಲವಲ್ಲಕ್ಕಾ. ಸಿಕಲ್ ಸೆಲ್ ಕಾರ್ಡ್ ಅಂದೆ. ಅದು ಸಿಕಲ್ ಸೆಲ್ ಕಾರ್ಡೇ ತಾನೆ?” ದುಡ್ಡು? “ಅದು ಸರ್ವೀಸ್ ಚಾರ್ಜು.” ಮಾರನೇ ದಿನದಿಂದ ನನ್ನ ಮೆಸೇಜಿಗೆ ಒಂದೇ ಟಿಕ್ಕು.

ದುಡ್ಡು ಹೋದರೆ ಹೋಗಲಿ. ಹೊಟ್ಟೆ ಉರಿಯೋದು ಫೈಲಿಗೆ. ಒಂದು ರಾತ್ರಿ ಮಗನಿಗೆ ನೋವು ಕೆರಳಿ, ಎದೆ ಹಿಡ್ಕೊಂಡು ಅಳೋಕೆ ಶುರು ಮಾಡಿದ. ಎಮರ್ಜೆನ್ಸಿಯಲ್ಲಿದ್ದ ಡಾಕ್ಟರು ಹೊಸಬರು, ಕಾಯಿಲೆ ಖಚಿತ ಮಾಡೋ ಎಚ್‌ಪಿಎಲ್‌ಸಿ ರಕ್ತಪರೀಕ್ಷೆಯ ರಿಪೋರ್ಟ್ ಕೇಳಿದರು. ನನ್ನ ಮೊಬೈಲಲ್ಲಿ ಇದ್ದದ್ದು ಹಳೇ ಸಾಲ್ಯುಬಿಲಿಟಿ ಟೆಸ್ಟಿನ ಫೋಟೋ ಒಂದೇ. “ಇದರಲ್ಲಿ ಪಾಸಿಟಿವ್ ಅಂತಷ್ಟೇ ಇದೆ. ಬರೀ ವಾಹಕನೋ, ಕಾಯಿಲೆಯೇ ಇದೆಯೋ ಇದರಲ್ಲಿ ಗೊತ್ತಾಗಲ್ಲ” ಅಂದರು. ಪುಣ್ಯಕ್ಕೆ ಚಿಕಿತ್ಸೆ ನಿಲ್ಲಿಸಲಿಲ್ಲ. ಆದರೆ ಆ ಹೊತ್ತಲ್ಲಿ ಐದು ವರ್ಷದ ಕಥೆಯನ್ನೆಲ್ಲ ಬಾಯಲ್ಲೇ ಒಪ್ಪಿಸಬೇಕಾಯ್ತು, ಅರ್ಧ ಮರೆತೂ ಹೋಗಿತ್ತು. ಟೆಸ್ಟನ್ನ ಮತ್ತೆ ಮಾಡಿಸೋಣ ಅಂದರೆ, ರಕ್ತ ಹಾಕಿಸಿ ಎರಡೇ ವಾರ ಆಗಿತ್ತು. ಮೈಯಲ್ಲಿ ಇನ್ನೊಬ್ಬರ ರಕ್ತ ಬೆರೆತಿರೋದರಿಂದ ಫಲಿತಾಂಶ ನಂಬೋ ಹಾಗಿಲ್ಲ, ಮೂರು ತಿಂಗಳು ಕಾಯಿರಿ ಅಂದರು. ಹಳೇ ಲ್ಯಾಬಿನವರು ಅಷ್ಟು ಹಿಂದಿನ ರೆಕಾರ್ಡ್ ಇಲ್ಲ ಅಂತ ಕೈಚೆಲ್ಲಿದರು. ಕಾರ್ಡು ಮಾರಿದವನಿಗೆ ಫೈಲಾದರೂ ಕೊಡು ಮಾರಾಯ ಅಂತ ಬೇರೆ ನಂಬರಿನಿಂದ ಕೇಳಿದೆ. “ಫೈಲ್ ಬೋರ್ಡಲ್ಲಿದೆ ಅಕ್ಕಾ.” ಯಾವ ಬೋರ್ಡು? ಕಟ್.

ಈಗ ನನಗೆ ತಿಳಿದಿದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಸಿಕಲ್ ಸೆಲ್ ಇದೆ, ಅದು ನಿಜ. ಕಾರ್ಡು ಅಂದರೆ ಯುಡಿಐಡಿ, ಸರ್ಕಾರದ ಸ್ವಾವಲಂಬನ್ ಪೋರ್ಟಲಲ್ಲಿ ನಾವೇ ಅರ್ಜಿ ಹಾಕಬಹುದು, ಶುಲ್ಕ ಇಲ್ಲ. ತಪಾಸಣೆಗೆ ಮಗುವನ್ನ ಕರ್ಕೊಂಡೇ ಹೋಗಬೇಕು. ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆ ಬಂದರೆ ಬಿಳಿ ಕಾರ್ಡು, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಬಂಗಾರದ ಅಂಚು ಎಲ್ಲೂ ಇಲ್ಲ! ಇನ್ನು ಆ ನೌಕರಿ ಕೋಟಾ, ಅದೂ ಸುಳ್ಳು. ಕಾಯ್ದೆಯ ಶೇ 4 ನೌಕರಿ ಮೀಸಲಾತಿಯಲ್ಲಿ ರಕ್ತದ ಕಾಯಿಲೆಗಳೇ ಇಲ್ಲ. ಉನ್ನತ ಶಿಕ್ಷಣದ ಸೀಟಿನಲ್ಲಿ ಶೇ 5 ಇದೆ, ಅದಕ್ಕೂ ಅಂಗವೈಕಲ್ಯ ಕನಿಷ್ಠ ಶೇ 40 ಇರಬೇಕು. ರೈಲು ರಿಯಾಯಿತಿಗೆ ಆಸ್ಪತ್ರೆಯ ಡಾಕ್ಟರು ಬರೆದುಕೊಡೋ ಸರ್ಟಿಫಿಕೇಟ್ ಬೇಕು, ಬೆಂಚಿನ ಮೇಲೆ ಕೂತವನದ್ದಲ್ಲ.

ಒರಿಜಿನಲ್ ಯಾರ ಕೈಗೂ ಕೊಡಬೇಡಿ. ಪ್ರತಿ ಹಾಳೆಯ ಫೋಟೋ ಇವತ್ತೇ ತೆಗೆದಿಡಿ, ನಾಳೆ ಅಲ್ಲ. ‘ಅರ್ಜಿ ಹಾಕಿದ್ದೀನಿ’ ಅಂದವರ ಹತ್ತಿರ ಅರ್ಜಿ ನಂಬರ್ ಕೇಳಿ, ಅವರ ಎದುರಿಗೇ ನಿಮ್ಮ ಫೋನಲ್ಲಿ ನೋಡಿ.

ಪೊಲೀಸರಿಗೆ ದೂರು ಕೊಟ್ಟಿದ್ದೀನಿ, ಹೆಸರು ಕೇಳಿದರೆ ನನಗೆ ಅವನ ಪೂರ್ತಿ ಹೆಸರೂ ಗೊತ್ತಿಲ್ಲ. ಮೊನ್ನೆ ಅದೇ ಬೆಂಚಲ್ಲಿ ಮತ್ತೆ ಕಂಡ ಅಂತ ವಾರ್ಡಿನ ಆಯಾ ಹೇಳಿದರು. ಟ್ಯಾಗು ಬದಲಾಗಿರಬಹುದು, ಮಾತು ಬದಲಾಗಿರಲಿಕ್ಕಿಲ್ಲ. “ಮಗುಗೆ ಇವತ್ತು ಎಷ್ಟನೇ ಬಾಟ್ಲು ಅಕ್ಕಾ?” ಅಂತ ಯಾರಾದರೂ ಪಕ್ಕ ಬಂದು ಕೂತರೆ ಫೈಲ್ ಎತ್ಕೊಂಡು ಸೀದಾ ಒಳಗೆ, ಸಿಸ್ಟರ್ ಹತ್ತಿರ ಹೋಗಿ.