ಹೊಗೆ ಅಲಾರಂ: ಬ್ಯಾಟರಿ ಬದಲಿಸುವುದೋ, ಹಾಕಿ ಮರೆಯುವುದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸೀಲ್ ಆದ ಲಿಥಿಯಂ ಬ್ಯಾಟರಿಯ ಅಲಾರಂಗೆ. 9 ವೋಲ್ಟಿನ ಬ್ಯಾಟರಿ ಹಾಕುವ ಅಗ್ಗದ್ದನ್ನೂ ಬಳಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಬ್ರಹ್ಮಾವರದ ಹಂಚಿನ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಬಚ್ಚಲೊಲೆಗೆ ಈಗಲೂ ಮಡಲು, ತೆಂಗಿನ ಸಿಪ್ಪೆ. ಅಟ್ಟದ ತುಂಬ ಒಣಗಿದ ಕಾಯಿ. ಹಳೇ ವೈರಿಂಗ್ ಬೇರೆ. ಅಲ್ಲಿಗೆ ಅಗ್ಗದ್ದು, ಮಂಗಳೂರಿನ ನಮ್ಮ ಫ್ಲ್ಯಾಟಿಗೆ ಸೀಲ್ ಆದದ್ದು ಅಂತ ಶುರುಮಾಡಿದೆ.

ಹೊಗೆ ಹಿಡಿಯುವುದರಲ್ಲಿ ಎರಡೂ ಒಂದೇ. ಎರಡರಲ್ಲೂ ಒಳಗೆ ಬೆಳಕಿನ ಕಿರಣ ಇರುತ್ತದೆ, ಹೊಗೆಯ ಕಣಕ್ಕೆ ಬೆಳಕು ಬಡಿದು ಚದುರಿದರೆ ಕೂಗುತ್ತದೆ. ಹಾಸಿಗೆಗೆ ತಾಗಿದ ಸೊಳ್ಳೆ ಬತ್ತಿ, ಒಳಗೊಳಗೇ ಕರಗುವ ವಯರು, ಇಂಥ ನಿಧಾನದ ಬೆಂಕಿಗೆ ಈ ಜಾತಿಯೇ ಒಳ್ಳೆಯದು. ಸದ್ದು 3 ಮೀಟರ್ ದೂರದಲ್ಲಿ 85 ಡೆಸಿಬಲ್. ಮಲಗಿದವರು ಹೆಚ್ಚಾಗಿ ಏಳುತ್ತಾರೆ.

ತಕರಾರು ಇರುವುದು ಬ್ಯಾಟರಿ ಮುಗಿಯುವಾಗ. ಆಗ ಅದು ಜೋರಾಗಿ ಕೂಗುವುದಿಲ್ಲ, ನಿಮಿಷಕ್ಕೊಮ್ಮೆ 'ಚಿಕ್' ಅನ್ನುತ್ತದೆ, ಅಷ್ಟೇ. ಅಮ್ಮ ಅದನ್ನು ಹಲ್ಲಿ ಅಂದುಕೊಂಡು, ಲೊಚಗುಟ್ಟಿದಾಗೆಲ್ಲ 'ಕೃಷ್ಣ ಕೃಷ್ಣ' ಅಂತ ಬೆರಳಲ್ಲಿ ಮಂಚ ಕುಟ್ಟುತ್ತಿದ್ದರಂತೆ. ಇಷ್ಟು ಲೆಕ್ಕ ಹಿಡಿದು ಲೊಚಗುಟ್ಟುವ ಹಲ್ಲಿ ಉಂಟಾ ಅಂತ ಅನುಮಾನ ಬಂದದ್ದು ಅಪ್ಪನಿಗೆ.

ಇದು ಹಗಲು ಶುರುವಾಗುವುದು ಕಡಿಮೆ. ಚಳಿಗೆ ಬ್ಯಾಟರಿಯ ವೋಲ್ಟೇಜ್ ಸ್ವಲ್ಪ ಇಳಿಯುತ್ತದೆ. ಮುಗಿಯುತ್ತಾ ಬಂದ ಬ್ಯಾಟರಿ ಡಿಸೆಂಬರಿನ ಬೆಳಗಿನ ಜಾವಕ್ಕೆ ಸರಿಯಾಗಿ ಗೆರೆ ದಾಟುತ್ತದೆ. ಬಿಸಿಲೇರಿದ ಮೇಲೆ ಮತ್ತೆ ಗಪ್‌ಚುಪ್. ನಾನು ಫೋನ್ ಮಾಡಿದಾಗೆಲ್ಲ ಅಪ್ಪನದು ಒಂದೇ ಮಾತು: "ಈಗ ಸುಮ್ನೆ ಉಂಟು ಮಾರಾಯ, ನೀನು ಬಂದಾಗ ನೋಡುವ."

ಇನ್ನು ಆ ಬ್ಯಾಟರಿಯ ಕಥೆ. ಪೇಟೆಯಲ್ಲಿ 9 ವೋಲ್ಟಿನದು ಕೇಳಿದರೆ ಅಂಗಡಿಯವರು ಮಲ್ಟಿಮೀಟರಿಗೆ ಹಾಕುವ ಅಗ್ಗದ ಜಿಂಕ್ ಕಾರ್ಬನ್ ಬ್ಯಾಟರಿ ಕೊಡುತ್ತಾರೆ. ಅಲಾರಂಗೆ ಅದು ಬಾಳುವುದಿಲ್ಲ, ಆಲ್ಕಲೈನ್ ಅಂತ ಬಾಯಿಬಿಟ್ಟು ಕೇಳಬೇಕು. ತಂದದ್ದಾದರೂ ಹಾಕುವವರು ಯಾರು? ಹಂಚಿನ ಕೆಳಗಿನ ಮರದ ಮುಚ್ಚಿಗೆಗೆ ಕೈ ಎಟುಕಬೇಕಾದರೆ ಸ್ಟೂಲ್ ಹತ್ತಬೇಕು. ಮೊಣಕಾಲು ನೋವಿನ ಅಪ್ಪ ಒಮ್ಮೆ ಹೇಗೋ ಹತ್ತಿ ಅಲಾರಂ ಬಿಚ್ಚಿದರು, ಬ್ಯಾಟರಿ ತೆಗೆದರು, ಪಂಚಾಂಗದ ಪಕ್ಕ ಇಟ್ಟರು. ನಾನು ಊರಿಗೆ ಹೋದಾಗಲೂ ಅಲ್ಲೇ ಇತ್ತು. ಸಾವಿರದೊಳಗೆ ಬಂದ ಸಾಮಾನು, ಕೆಲಸಕ್ಕೆ ಸೊನ್ನೆ.

ಸೀಲ್ ಆದದ್ದಕ್ಕೆ ಎರಡು ಸಾವಿರದ ಆಸುಪಾಸು ಕೊಟ್ಟೆ. ಬ್ಯಾಟರಿ ಬಿಚ್ಚಲು ಬರುವುದಿಲ್ಲ, ಅದೇ ಅದರ ಗುಣ. ಬೇಸ್ ಪ್ಲೇಟಿಗೆ ಇಟ್ಟು ತಿರುಗಿಸಿದರೆ ತಾನಾಗಿ ಆನ್ ಆಗುತ್ತದೆ. 10 ವರ್ಷ ಆದ ಮೇಲೆ ಇಡೀ ಅಲಾರಂ ಬದಲಿಸುವುದು. ಯಾವ ವರ್ಷ ಬದಲಿಸಬೇಕು ಅಂತ ಅದರ ಮೈಮೇಲೇ ಅಚ್ಚಾಗಿರುತ್ತದೆ. ಹಳೇ ಸ್ಟಾಕ್ ದಾಟಿಸುವವರಿದ್ದಾರೆ, ಕೊಳ್ಳುವಾಗಲೇ ಅದನ್ನು ಓದಿ. 'ಇ.ಎನ್. 14604' (EN 14604, ಹೊಗೆ ಅಲಾರಂಗಳ ಯುರೋಪಿನ ಮಾನದಂಡ) ಅಂತ ಗುರುತಿದೆಯಾ ಅಂತಲೂ ನೋಡಿ.

ಇದೂ ಪೂರ್ತಿ ಸಾಧು ಏನಲ್ಲ. ಮಳೆಗಾಲದಲ್ಲಿ ಸಣ್ಣ ಜೇಡವೋ ಹುಳವೋ ಒಳಗೆ ಹೊಕ್ಕರೆ ಸುಮ್ನೆ ಬೊಬ್ಬೆ ಹಾಕುತ್ತದೆ. ಮೆತ್ತನೆ ಬ್ರಷ್‌ನಲ್ಲಿ ಸುತ್ತ ಉಜ್ಜಿದರೆ ಸರಿಹೋಗುತ್ತದೆ. ಲೋಬಾನದ ಹೊಗೆಗೂ ಕೂಗುತ್ತದೆ, ಬಟನ್ ಒತ್ತಿದರೆ ಸುಮಾರು 10 ನಿಮಿಷ ತೆಪ್ಪಗಿರುತ್ತದೆ. ಈಗ ಬ್ರಹ್ಮಾವರಕ್ಕೂ ಇದನ್ನೇ ಹಾಕಿಸಿದ್ದೇನೆ. ತಿಂಗಳಿಗೊಮ್ಮೆ ಅಮ್ಮ ಕೋಲಿನ ತುದಿಯಲ್ಲಿ ಟೆಸ್ಟ್ ಬಟನ್ ಒತ್ತುತ್ತಾರೆ. ಸ್ಟೂಲ್ ಬೇಡ.

ವೈಫೈ ಇರುವುದನ್ನು ನಾನು ಕೊಳ್ಳಲಿಲ್ಲ. ಕರೆಂಟ್ ಹೋದರೆ ರೂಟರೂ ಹೋಗುತ್ತದೆ, ಫೋನಿಗೆ ಸುದ್ದಿ ಬರುವುದಿಲ್ಲ. ಮಕ್ಕಳು ದುಬೈಯಲ್ಲಿದ್ದು, ಮನೆಯಲ್ಲಿ ಇನ್ವರ್ಟರ್ ಇದ್ದರೆ ಯೋಚಿಸಬಹುದು.

ಒಂದು ಎಚ್ಚರ. ಆಫೀಸಿನ ಸೀಲಿಂಗಿನಲ್ಲಿ ಕಾಣುವ ಬಿಳಿ ಡಿಟೆಕ್ಟರನ್ನೇ ಮನೆಗೂ ಹಾಕಿ ಅಂತ ಕೆಲವು ಅಂಗಡಿಯವರು ಹೇಳುತ್ತಾರೆ. ಅದು ಕಟ್ಟಡದ ಫೈರ್ ಅಲಾರಂ ಪ್ಯಾನೆಲ್‌ಗೆ ಜೋಡಿಸುವ 24 ವೋಲ್ಟಿನದು. ಅಂಥವಕ್ಕೆ ಸಾಮಾನ್ಯವಾಗಿ ಸ್ವಂತ ಸದ್ದೇ ಇಲ್ಲ.

ಎಲ್ಲಿ ಹಾಕುವುದು? ಮಲಗುವ ಕೋಣೆಗಳ ಹೊರಗಿನ ಓಣಿಯಲ್ಲಿ, ಸೀಲಿಂಗಿನ ಮಧ್ಯಕ್ಕೆ, ಗೋಡೆಯಿಂದ 30 ಸೆಂಟಿಮೀಟರಾದರೂ ದೂರ. ಫ್ಯಾನಿನ ಹತ್ತಿರ ಬೇಡ, ಗಾಳಿಗೆ ಹೊಗೆ ಚದುರಿ ಹೋಗುತ್ತದೆ. ಹಂಚಿನ ಸಂದಿಯಲ್ಲಿ ಹೊಗೆ ಹೊರಗೆ ಹೋಗುವುದೇ ಜಾಸ್ತಿ, ಹಾಗಾಗಿ ನಮ್ಮಲ್ಲಿ ಮುಚ್ಚಿಗೆಯ ಕೆಳಗೆ ಹಾಕಿದ್ದು. ಅಡುಗೆಮನೆಯಲ್ಲಂತೂ ಬೇಡವೇ ಬೇಡ. ಬಂಗುಡೆ ಕಾವಲಿಗೆ ಬಿದ್ದರೆ ಸಾಕು, ಊರೆಲ್ಲ ಎದ್ದೀತು. ಅಲ್ಲಿಗೆ ಬೇರೆಯೇ ಇದೆ, ಸುಮಾರು 58 ಡಿಗ್ರಿ ಬಿಸಿಗೆ ಕೂಗುವ ಹೀಟ್ ಅಲಾರಂ. ಗ್ಯಾಸ್ ಲೀಕ್ ಹಿಡಿಯುವುದು ಮತ್ತೂ ಬೇರೆ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಅದನ್ನು ನೆಲದ ಹತ್ತಿರ ಹಾಕಬೇಕು.

ಪಂಚಾಂಗದ ಪಕ್ಕ ಇದ್ದ ಆ ಅಗ್ಗದ ಅಲಾರಮನ್ನು ತಂಗಿ ಮಣಿಪಾಲದ ಬಾಡಿಗೆ ರೂಮಿಗೆ ಕೊಂಡುಹೋದಳು. ಅವಳು ಸ್ಟೂಲ್ ಹತ್ತಬಲ್ಲಳು, ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸುವಷ್ಟು ಶಿಸ್ತೂ ಇದೆ. ಅಂಥವರಿಗೆ ಅದೇ ಸಾಕು, ಇನ್ನೊಂದು ಸಾವಿರ ಯಾಕೆ ಸುರಿಯಬೇಕು?