ರಿಕಾಲ್ ಕೆಲಸಕ್ಕೆ ಗೋಕುಲ ರಸ್ತೆಯ ಸರ್ವಿಸ್ ಸೆಂಟರ್: ಕೈ ಚಲೋ, ಪಾರ್ಟ್ ತಡ

ಹುಬ್ಬಳ್ಳಿ ಗೋಕುಲ ರಸ್ತೆಯ ಈ ಸರ್ವಿಸ್ ಸೆಂಟರ್‌ನಲ್ಲಿ ಎಲೆಕ್ಟ್ರಿಷಿಯನ್ ಪಳಗಿದ ಕೈ. ತಕರಾರು ಇರೋದು ಕೌಂಟರ್‌ನಲ್ಲಿ. ರಿಕಾಲ್ (ತಯಾರಿಕೆಯ ದೋಷ ಸರಿಪಡಿಸಲು ಕಂಪನಿಯೇ ಗಾಡಿ ವಾಪಸ್ ಕರೆಸುವುದು) ಪಾರ್ಟ್ ಕೇಳಿದರೆ ‘ಮುಂದಿನ ವಾರ ಬರತೈತ್ರಿ’ ಅನ್ನೋದೇ ಉತ್ತರ. 17 ಅಕ್ಷರದ ಚಾಸಿ ನಂಬರ್ ಹಾಕಿಸಿ ನೋಡಿ, ಪಾರ್ಟ್ ಆರ್ಡರ್ ಆಗಿದೆ ಅಂತ ಜಾಬ್ ಕಾರ್ಡ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತಿನ ಬುಕಿಂಗ್ ಯಾವ ಸಾಲಿನಲ್ಲೂ ಇರುವುದಿಲ್ಲ.

ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಇಲ್ಲಿನ ಮೊದಲ ಮಾತು ‘ಹೊಸ ಬ್ಯಾಟರಿ’. ತಕ್ಷಣ ಒಪ್ಪಬೇಡಿ. ತುಂಬಿದ ಬ್ಯಾಟರಿ ನಿಂತಾಗ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ತೋರಿಸಬೇಕು. ಎರಡೂ ಸರಿ ಇದ್ದರೆ ಲೀಕೇಜ್ ಕರೆಂಟ್, ಅಂದರೆ ಗಾಡಿ ಆಫ್ ಇದ್ದಾಗಲೂ ಬ್ಯಾಟರಿಯಿಂದ ಸೋರುವ ಕರೆಂಟ್, ಅಳೆಯಲು ಹೇಳಿ: ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಬ್ಯಾಟರಿಗೂ ನಡುವೆ 10 ಆಂಪಿಯರ್ ರೇಂಜಿನಲ್ಲಿ ಮಲ್ಟಿಮೀಟರ್. ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಡಬೇಕು. ಮಾಡ್ಯೂಲ್‌ಗಳು (ಗಾಡಿಯ ಎಲೆಕ್ಟ್ರಾನಿಕ್ ಕಂಟ್ರೋಲ್ ಡಬ್ಬಿಗಳು) ನಿದ್ದೆಗೆ ಹೋಗುವ ಮೊದಲು ಅಳೆದ ಲೆಕ್ಕ ಬರೀ ಸುಳ್ಳು. ಆಮೇಲೂ 50 ಮಿಲಿಆಂಪಿಯರ್ ದಾಟಿದರೆ ಒಂದೊಂದೇ ಫ್ಯೂಸ್ ತೆಗೆದು, ಯಾವುದಕ್ಕೆ ಕರೆಂಟ್ ಇಳಿಯುತ್ತದೆ ಅಂತ ನೋಡುವುದು. ಮೀಟರ್ ಸಿಕ್ಕಿಸಿಟ್ಟು ಸ್ಟಾರ್ಟರ್ ಹೊಡೆದರೆ ಮೀಟರಿನ ಫ್ಯೂಸ್ ಹೋಯಿತು ಅಂತಲೇ ತಿಳಿಯಿರಿ. ಬ್ಯಾಟರಿ ಟ್ರೇ ಹತ್ತಿರದ ಅರ್ಥಿಂಗ್ ಬೋಲ್ಟ್‌ಗೆ ಹಸಿರು ಕಿಲುಬು ಹಿಡಿದಿದೆಯಾ, ಅದನ್ನೂ ನೋಡಿಸಿ. ಹೆಡ್‌ಲೈಟ್ ಮಿಣುಕುವ ಕಾಯಿಲೆ ಎಷ್ಟೋ ಸಲ ಅಲ್ಲೇ ಇರುತ್ತದೆ, ಮತ್ತು ಅದಕ್ಕೆ ಸ್ಯಾಂಡ್‌ಪೇಪರ್ ಸಾಕು.

ರಿಕಾಲ್ ಕೆಲಸಕ್ಕೆ ಪಾರ್ಟ್, ಲೇಬರ್ ಎರಡೂ ಉಚಿತ. ‘ಸ್ಕ್ಯಾನಿಂಗ್ ಚಾರ್ಜ್’ ಅಂತ ಬಿಲ್ಲಿನಲ್ಲಿ ನುಸುಳಿದರೆ ತೆಗೆಸಿ. ತಡ ಮುಂದುವರಿದರೆ ಜಾಬ್ ಕಾರ್ಡ್ ನಂಬರ್ ಹಾಕಿ ಕಂಪನಿಗೆ ಮೇಲ್. ಅದಕ್ಕೂ ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915. ಐದಕ್ಕೆ ಎರಡೂವರೆ, ಅದೂ ಎಲೆಕ್ಟ್ರಿಷಿಯನ್ ಮುಖ ನೋಡಿ.