ಜಿಪ್ಸಿ ಸಾಮಾನೋ, ಜೀಪಿನ ಸಾಮಾನೋ: ಬಂಡೆ ಹತ್ತುವ ಬಗ್ಗಿಗೆ ಯಾವುದು?

ಬಂಡೆ ಹತ್ತುವ ಬಗ್ಗಿ, ಅಂದರೆ ಪೈಪಿನ ಚೌಕಟ್ಟಿಗೆ ಹಳೆಯ ಗಾಡಿಯ ಸಾಮಾನು ಕೂರಿಸಿದ ಗಾಡಿ, ಕಟ್ಟುತ್ತೇನೆ ಅನ್ನುವವರು ಮೊದಲು ಕೇಳುವುದು "ಇಂಜಿನ್ ಯಾವುದು ಹಾಕಲಿ?" ಅಂತ. ನನ್ನ ಪ್ರಕಾರ ಅದು ಕೊನೆಯ ಪ್ರಶ್ನೆ. ಬಂಡೆಯ ಮೇಲೆ ಗಾಡಿ ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಹೋಗಬೇಕು. ಅದಕ್ಕೆ ಬೇಕಾಗಿರುವುದು ಗೇರು. ಆಮೇಲೆ ಡಿಫ್ ಲಾಕ್, ಅಂದರೆ ಒಂದು ಆಕ್ಸಲಿನ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಮಾಡುವುದು. ಇವೆರಡೂ ಸರಿಯಿದ್ದರೆ 60 ಕುದುರೆಶಕ್ತಿ ಧಾರಾಳ ಆಯ್ತು.

ನಾವು ಗೆಳೆಯರು ಸೇರಿ ಎರಡು ಬಗ್ಗಿ ಕಟ್ಟಿದ್ದೇವೆ. ಒಂದರಲ್ಲಿ ಮಾರುತಿ ಜಿಪ್ಸಿ ಕಿಂಗ್‌ನ ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್. ಇನ್ನೊಂದರಲ್ಲಿ ಹಳೆಯ ಮಹೀಂದ್ರ ಎಂಎಂ 540 ಜೀಪಿನದು. ಓಡಿಸುವುದು ಕೋಲಾರದ ಕಡೆ ಗೆಳೆಯನೊಬ್ಬನ ಜಮೀನಿನ ಬಂಡೆಗಳ ಮೇಲೆ. ರಾಮನಗರದ ಬಂಡೆ ನೋಡಿ ಆಸೆಪಡುವವರು ಜಾಸ್ತಿ. ಆದರೆ ರಾಮದೇವರ ಬೆಟ್ಟ ರಣಹದ್ದುಗಳ ಧಾಮ, ಅಲ್ಲಿಗೆ ಗಾಡಿ ತಗೊಂಡು ಹೋಗುವ ಮಾತೇ ಬೇಡ.

ಮೊದಲು ಲೆಕ್ಕ. ಜಿಪ್ಸಿ ಕಿಂಗ್‌ನ ಒಂದನೇ ಗೇರಿನ ಅನುಪಾತ 3.652, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲಿಗೆ ಶಕ್ತಿ ಹಂಚುವ ಪೆಟ್ಟಿಗೆ) ಲೋ, ಅಂದರೆ ನಿಧಾನದ ಗೇರು, 2.268, ಆಕ್ಸಲ್ 3.909. ಮೂರನ್ನೂ ಗುಣಿಸಿದರೆ ಸುಮಾರು 32. ಅಂದರೆ ಇಂಜಿನ್ 32 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. 31 ಇಂಚಿನ ಟೈರು ಹಾಕಿ 800 ಆರ್‌ಪಿಎಂನಲ್ಲಿ ಬಿಟ್ಟರೆ ಗಾಡಿ ಗಂಟೆಗೆ ಮೂರೂವರೆ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ. ಕಾಗದದ ಮೇಲೆ ಇದು ನಿಧಾನ ಅನ್ನಿಸಬಹುದು. ಸೊಂಟದೆತ್ತರದ ಬಂಡೆಗೆ ಮುಂಚಕ್ರ ತಾಗಿದಾಗ ಇದು ಜಾಸ್ತಿಯೇ. ಕ್ಲಚ್ ಅರ್ಧ ಒತ್ತಿ ಹಿಡಿಯಬೇಕಾಗುತ್ತದೆ, ಐದು ನಿಮಿಷಕ್ಕೆ ಸುಟ್ಟ ವಾಸನೆ.

ಜೀಪಿನ ಕತೆ ಬೇರೆ. ಅದರ ಡಾನಾ 18 ಟ್ರಾನ್ಸ್‌ಫರ್ ಕೇಸಿನ ಲೋ 2.46. ಹಳೆಯ ಆಕ್ಸಲ್ 5.38. ಗೇರ್‌ಬಾಕ್ಸ್ ಬಿಟ್ಟು ಇವೆರಡನ್ನೇ ಗುಣಿಸಿದರೆ 13.2 ಬರುತ್ತದೆ. ಜಿಪ್ಸಿಯಲ್ಲಿ ಅದೇ ಲೆಕ್ಕ 8.9. ಏನೂ ಖರ್ಚು ಮಾಡದೆ ಒಂದೂವರೆ ಪಟ್ಟು ಸಿಕ್ಕಿತು, ಅಲ್ವಾ? ಆದರೆ ಗುಜರಿಯಲ್ಲಿ ಆಕ್ಸಲ್ ಕೊಳ್ಳುವಾಗ ಅಂಗಡಿಯವರ ಮಾತು ನಂಬಬೇಡಿ. ಮುಚ್ಚಳ ಬಿಚ್ಚಿಸಿ, ಒಳಗಿನ ದೊಡ್ಡ ಹಲ್ಲುಚಕ್ರ (ಕ್ರೌನ್) ಮತ್ತು ಅದನ್ನು ತಿರುಗಿಸುವ ಸಣ್ಣದರ (ಪಿನಿಯನ್) ಹಲ್ಲು ಎಣಿಸಿ. 43 ಮತ್ತು 8 ಇದ್ದರೆ 5.38. 39 ಮತ್ತು 8 ಇದ್ದರೆ 4.88. ಗ್ರೀಸು ಒರೆಸಿ, ಒಂದು ಹಲ್ಲಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಎಣಿಸಿದರೆ ತಪ್ಪಾಗಲ್ಲ. ಮುಂದಿನದು ಹಿಂದಿನದು ಎರಡೂ ಒಂದೇ ಇರಬೇಕು. ಬೇರೆಬೇರೆ ಇದ್ದರೆ ಫೋರ್ ವೀಲ್ ಹಾಕಿದ ಕ್ಷಣದಿಂದ ಒಂದನ್ನೊಂದು ಎಳೆದಾಡುತ್ತವೆ.

ಜಿಪ್ಸಿಯವರಿಗೂ ದಾರಿ ಇದೆ. ಜಿಪ್ಸಿ ಅಂದರೆ ಹೊರದೇಶದಲ್ಲಿ ಸುಜುಕಿ ಸಮುರಾಯ್. ಅದರ ಟ್ರಾನ್ಸ್‌ಫರ್ ಕೇಸಿಗೆ 4.16 ಲೋ ಗೇರಿನ ಸೆಟ್ ಸಿಗುತ್ತದೆ. ಹಾಕಿದರೆ 32 ಇದ್ದದ್ದು 59 ಆಗುತ್ತದೆ, ವೇಗ ಗಂಟೆಗೆ 2 ಕಿಲೋಮೀಟರಿಗೆ ಇಳಿಯುತ್ತದೆ. ನಾವು ತರಿಸಿದೆವು. ಕಸ್ಟಮ್ಸ್ ಕಟ್ಟಿ ಕೈಗೆ ಬರುವಷ್ಟರಲ್ಲಿ ಜೇಬಿಗೆ ದೊಡ್ಡ ತೂತು. ಆದರೂ ಆ ಗಾಡಿಗೆ ಮಾಡಿದ ಖರ್ಚಿನಲ್ಲೆಲ್ಲ ಸಾರ್ಥಕ ಆಗಿದ್ದು ಇದೇ. ಈಗ ಕ್ಲಚ್‌ನಿಂದ ಕಾಲು ಪೂರ್ತಿ ತೆಗೆದು ಸುಮ್ನೆ ಕೂತರೆ ಸಾಕು, ಗಾಡಿ ತಾನೇ ಹತ್ತುತ್ತದೆ.

ಜಿಪ್ಸಿಯ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಬಗ್ಗಿ ಕಟ್ಟುವವರಿಗೆ ಇದು ವರ. ಇಂಜಿನನ್ನು ನಮಗೆ ಬೇಕಾದ ಹಾಗೆ ಹಿಂದೆ ಮುಂದೆ ಕೂರಿಸಬಹುದು, ಶಾಫ್ಟಿನ ಉದ್ದ ಬದಲಿಸಿದರೆ ಮುಗೀತು. ಇದರ ತೊಂದರೆ ರಬ್ಬರ್ ಮೌಂಟಿಂಗ್‌ನಲ್ಲಿ. ಗೇರು ಇಳಿಸಿದಷ್ಟೂ ತಿರುಚುವ ಬಲ ಹೆಚ್ಚುತ್ತದೆ, ಕೇಸು ಪೂರ್ತಿ ಓಲಾಡುತ್ತದೆ. ಒಂದು ಗಟ್ಟಿ ಬ್ರಾಕೆಟ್ ಸೇರಿಸಿಯೇ ತೀರಬೇಕು.

ಇನ್ನು ತೂಕ. ಇಡೀ ಜಿಪ್ಸಿ ಸುಮಾರು ಒಂದು ಟನ್. ಅದರ 1.3 ಲೀಟರ್ ಇಂಜಿನನ್ನು ಇಬ್ಬರು ಹಿಡಿದು ಎತ್ತಿಡಬಹುದು. ಜೀಪಿನ 2112 ಸಿಸಿ ಡೀಸೆಲ್ ಇಂಜಿನಿಗೆ ಚೈನ್ ಪುಲ್ಲಿ ಬೇಕೇ ಬೇಕು. ಆ ಭಾರವೆಲ್ಲ ಮೂತಿಯ ಮೇಲೆ. ಇಳಿಜಾರಿನಲ್ಲಿ ಹೊಟ್ಟೆಯೊಳಗೆ ಕಳವಳ ಶುರುವಾಗುವುದು ಜೀಪಿನ ಬಗ್ಗಿಯಲ್ಲೇ ಮೊದಲು. ಆದರೆ ಐಡಲ್‌ನಲ್ಲಿ ಡೀಸೆಲ್ ಎಳೆಯುವ ರೀತಿಯೇ ಬೇರೆ. ಪೆಟ್ರೋಲ್ ಇಂಜಿನ್ ಕೆಮ್ಮಿ ನಿಲ್ಲುವ ಜಾಗದಲ್ಲಿ ಅದು ಗುಡುಗುಡು ಅಂತ ಹೋಗುತ್ತಲೇ ಇರುತ್ತದೆ.

ಡೀಸೆಲ್ ಹಾಕುವವರು ಒಂದು ವಿಷಯ ಮರೆಯಬಾರದು. ಗಾಡಿ ಮಗುಚಿದರೆ ಆಯಿಲ್ ಬ್ರೀದರ್ (ಇಂಜಿನ್ ಒಳಗಿನ ಗಾಳಿ ಹೊರಹೋಗುವ ಕೊಳವೆ) ಮೂಲಕ ಗಾಳಿ ಎಳೆಯುವ ಕಡೆಗೆ ಹೋಗಬಹುದು. ಆಗ ಇಂಜಿನ್ ತನ್ನ ಆಯಿಲನ್ನೇ ಕುಡಿದು ಓಡುತ್ತದೆ. ಕೀ ತಿರುಗಿಸಿದರೂ ನಿಲ್ಲಲ್ಲ, ಡೀಸೆಲ್ ಬಂದ್ ಮಾಡಿದರೂ ನಿಲ್ಲಲ್ಲ. ಗಾಳಿ ಮುಚ್ಚಿ ನಿಲ್ಲಿಸಲು ಅದರ ದಾರಿಗೆ ಒಂದು ತಗಡಿನ ಬಾಗಿಲು, ಅದಕ್ಕೊಂದು ಕೇಬಲ್, ಸೀಟಿನ ಪಕ್ಕ ಹಿಡಿ. ಲೇತ್‌ನವರು ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಜಿಪ್ಸಿ ತಗೊಳ್ಳುವವರು ಕಾರ್ಬ್ಯುರೇಟರ್ ಇಂಜಿನ್ ಬಿಡಿ, 2000ದ ನಂತರದ ಎಂಪಿಎಫ್ಐ (ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವುದು) ಹುಡುಕಿ. ಗಾಡಿ ಪಕ್ಕಕ್ಕೆ ವಾಲಿದಾಗ ಕಾರ್ಬ್ಯುರೇಟರಿನ ಫ್ಲೋಟು ಕೆಲಸ ಬಿಟ್ಟುಬಿಡುತ್ತದೆ.

ಆಕ್ಸಲ್ ಗಟ್ಟಿತನದಲ್ಲಿ ಮಾತ್ರ ಚರ್ಚೆಯೇ ಇಲ್ಲ, ಜೀಪೇ. ಜಿಪ್ಸಿಯ ಮುಂದಿನ ಸಿವಿ ಜಾಯಿಂಟ್ (ತಿರುಗಿಸಿದ ಚಕ್ರಕ್ಕೂ ಶಕ್ತಿ ಮುಟ್ಟಿಸುವ ಕೀಲು) ಅದರ ಸಣ್ಣ ಟೈರಿಗೆ ಮಾಡಿದ್ದು. 31 ಇಂಚು ಹಾಕಿ, ಲಾಕ್ ಮಾಡಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಅದರ ಮೇಲೆ ಕರುಣೆಯೇ ಇಲ್ಲದ ಹಾಗೆ. ಜೀಪಿನಲ್ಲಿ ಅದೇ ಜಾಗದಲ್ಲಿ ಕ್ರಾಸ್, ಅಂದರೆ ಪ್ಲಸ್ ಆಕಾರದ ಕೀಲು, ಇದೆ. ಮುರಿದರೆ ಹೋಬಳಿ ಮಟ್ಟದ ಸ್ಪೇರ್ಸ್ ಅಂಗಡಿಯಲ್ಲೂ ಸಿಗುತ್ತದೆ, ಸುತ್ತಿಗೆ ಇದ್ದರೆ ಮರದ ಕೆಳಗೇ ಬದಲಿಸಬಹುದು.

ಈಗ ಡಿಫ್ ಲಾಕ್. ಬಂಡೆಯ ಮೇಲೆ ಒಂದು ಚಕ್ರ ಗಾಳಿಗೆ ಎದ್ದರೆ ಮಾಮೂಲಿ ಡಿಫರೆನ್ಷಿಯಲ್ ಅದನ್ನೇ ತಿರುಗಿಸುತ್ತ ಕೂರುತ್ತದೆ. ನೆಲ ಹಿಡಿದ ಚಕ್ರ ಅಲುಗಲ್ಲ. ಇದಕ್ಕೆ ಅಗ್ಗದ ಮದ್ದು ಡಿಫರೆನ್ಷಿಯಲ್ ಒಳಗಿನ ಸಣ್ಣ ಹಲ್ಲುಚಕ್ರಗಳನ್ನು (ಸ್ಟಾರ್ ಪಿನಿಯನ್) ವೆಲ್ಡ್ ಮಾಡುವುದು. ನಮ್ಮ ವೆಲ್ಡರ್ ಕೈಗೆ ಕೊಟ್ಟಾಗ ಕೇಳಿದ್ದು ಒಂದೇ ಮಾತು: "ಸಾರ್, ಆಮೇಲೆ ರೋಡಲ್ಲಿ ಸರಿಯಾಗಿ ತಿರುಗಲ್ಲ, ಗೊತ್ತಲ್ವಾ?" ಗೊತ್ತಿತ್ತು. ರೋಡಿಗೆ ಹೇಗೂ ಬಿಡುವ ಹಾಗಿಲ್ಲ. ಮೂಲ ವಿನ್ಯಾಸ ಬದಲಿಸಿದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿದೆ. ಎರಡೂ ಬಗ್ಗಿ ಟ್ರೇಲರ್ ಮೇಲೇ ಹೋಗಿಬರುತ್ತವೆ.

ವೆಲ್ಡ್ ಮಾಡುವ ಮುಂಚೆ ಆಯಿಲ್ ಪೂರ್ತಿ ತೊಳೆದು, ಪಿನಿಯನ್ ಬಿಸಿ ಮಾಡಿ, ಮುಗಿದ ಮೇಲೆ ನಿಧಾನಕ್ಕೆ ಆರಲು ಬಿಡಬೇಕು. ಅವಸರ ಮಾಡಿದರೆ ಬಿರುಕು ಬಿಟ್ಟು ಚೂರುಗಳು ಕ್ರೌನಿಗೆ ಸಿಕ್ಕಿ ಎಲ್ಲ ಹಾಳು. ಹಿಂದಿನ ಆಕ್ಸಲಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಮುಂದಕ್ಕೆ ಬೇಡ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ ಮುಂದೆಯೂ ವೆಲ್ಡ್ ಮಾಡಿದರೆ ಸ್ಟೀರಿಂಗ್ ತಿರುಗಿಸಲು ಪೈಲ್ವಾನರೇ ಬೇಕು. ಮುಂದಕ್ಕೆ ಸ್ಟಾರ್ ಪಿನಿಯನ್ ಜಾಗದಲ್ಲಿ ಕೂರುವ ಆಟೋಮ್ಯಾಟಿಕ್ ಲಾಕರ್ ಒಳ್ಳೆಯದು. ತಿರುವಿನಲ್ಲಿ ಟಕ್ ಟಕ್ ಅನ್ನುತ್ತದೆ, ಅಭ್ಯಾಸವಾಗುತ್ತದೆ. ಗಾಳಿಯಿಂದ ಲಾಕ್ ಆಗುವುದು ಎಲ್ಲಕ್ಕಿಂತ ಚೆಂದ. ಬೇಕಾದಾಗ ಹಾಕಬಹುದು, ಬೇಡದಾಗ ತೆಗೆಯಬಹುದು. ಗೆಳೆಯನ ಗಾಡಿಯಲ್ಲಿ ಓಡಿಸಿ ನೋಡಿ ಹೊಟ್ಟೆ ಉರಿಸಿಕೊಂಡಿದ್ದೇನೆ. ಆದರೆ ಕಂಪ್ರೆಸರ್, ಪೈಪು, ಸ್ವಿಚ್ಚು ಅಂತ ಕೆಡುವ ಸಾಮಾನು ಜಾಸ್ತಿ. ಬರೀ ಬಂಡೆ ಹತ್ತುವ ಗಾಡಿಗೆ ಅಷ್ಟು ಖರ್ಚು ಬೇಡ.

ಸಸ್ಪೆನ್ಷನ್‌ಗೆ ಪ್ಲೇಟ್ ಕಮಾನೋ, ಕಾಯಿಲ್ ಸ್ಪ್ರಿಂಗೋ ಅಂತ ಗಂಟೆಗಟ್ಟಲೆ ಜಗಳ ಆಡುವವರಿದ್ದಾರೆ. ಕಮಾನನ್ನು ಆಕ್ಸಲ್ ಮೇಲಕ್ಕೆ ಕೂರಿಸಿದರೆ ಎತ್ತರ ಸಿಗುತ್ತದೆ, ಆದರೆ ಕಡಿದಾದ ಕಡೆ ಕಮಾನು ತಿರುಚಿಕೊಂಡು ಚಕ್ರ ಕುಪ್ಪಳಿಸುತ್ತದೆ. ನಾಲ್ಕು ಲಿಂಕ್ (ಆಕ್ಸಲನ್ನು ಹಿಡಿಯುವ ಸಲಾಕೆ) ಹಾಕಿದ ಹಿಂದಿನ ಆಕ್ಸಲ್ ಹೀಗೆ ಮಾಡಲ್ಲ. ಹಿಂದೆ ಲಿಂಕ್, ಮುಂದೆ ಕಮಾನು: ನಮಗೆ ಒಗ್ಗಿದ್ದು ಇದು.

ಟೈರು ಹಳೆಯ ಜೀಪಿನ ನೈಲಾನ್ ಬೇಡವೇ ಬೇಡ. ಗಾಳಿ ಇಳಿಸಿದರೂ ಅದರ ಪಕ್ಕದ ಗೋಡೆ ಬಾಗಲ್ಲ, ಬಂಡೆ ಹಿಡಿಯಲ್ಲ. ಮಡ್ ಟೆರೇನ್ ರೇಡಿಯಲ್ ಹಾಕಿ 10 ಪಿಎಸ್ಐಗೆ ಇಳಿಸಿ ನೋಡಿ, ಬೇರೆಯೇ ಗಾಡಿ.

ಕೊನೆಯದು ಬಗ್ಗಿಯ ಚೌಕಟ್ಟಿನ ಪೈಪು. ಇದರಲ್ಲಿ ಉಳಿತಾಯ ಮಾಡಲು ಹೋಗುವವರೇ ಜಾಸ್ತಿ. ಹಾರ್ಡ್‌ವೇರ್ ಅಂಗಡಿಯ ಒಂದೂವರೆ ಇಂಚಿನ ಬಿ ಕ್ಲಾಸ್ ಪೈಪು ಹೊರಗಿನಿಂದ 48.3 ಮಿ.ಮೀ., ದಪ್ಪ 3.2. ಮೀಟರಿಗೆ ಮೂರೂವರೆ ಕೆ.ಜಿ. ಅಂತರರಾಷ್ಟ್ರೀಯ ರೇಸ್ ಸಂಸ್ಥೆ ಎಫ್ಐಎ ಮುಖ್ಯ ಹೂಪ್‌ಗೆ (ಸೀಟಿನ ಹಿಂದಿನಿಂದ ತಲೆಯ ಮೇಲೆ ಬಾಗುವ ಪೈಪು) ಕೇಳುವುದು 45 ಮಿ.ಮೀ.ನ, 2.5 ಮಿ.ಮೀ. ದಪ್ಪದ ಕೋಲ್ಡ್ ಡ್ರಾನ್ ಸೀಮ್‌ಲೆಸ್, ಅಂದರೆ ಬೆಸುಗೆಯ ಗೆರೆ ಇಲ್ಲದ ಪೈಪು. ಅದು ಮೀಟರಿಗೆ 2.6 ಕೆ.ಜಿ. 40 ಮೀಟರ್ ಪೈಪು ಹಿಡಿಸುವ ಬಗ್ಗಿಯಲ್ಲಿ 35 ಕೆ.ಜಿ.ಗೂ ಹೆಚ್ಚು ವ್ಯತ್ಯಾಸ, ಅದರಲ್ಲಿ ಒಂದಿಷ್ಟು ತಲೆಯ ಮೇಲಿನ ಭಾರ. ಸತು ಲೇಪಿಸಿದ ಜಿಐ ಪೈಪಂತೂ ಮುಟ್ಟಬೇಡಿ, ವೆಲ್ಡ್ ಮಾಡುವಾಗ ಏಳುವ ಸತುವಿನ ಹೊಗೆಗೆ ಜ್ವರ ಬರುತ್ತದೆ. ಸೀಮ್‌ಲೆಸ್ ಕೊಳ್ಳುವಾಗ ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಕ್ಯಾಲಿಪರ್ ಜೊತೆಗೇ ಒಯ್ಯಿರಿ, ಎರಡೂ ತುದಿಯಲ್ಲಿ ದಪ್ಪ ಅಳೆದ ಮೇಲೇ ದುಡ್ಡು ಕೊಡಿ.